ನೀವೇ ಅಳವಡಿಸಿದ ಕಾರ್ ಅಲಾರಂ ಮತ್ತು ರಿಮೋಟ್ ಸ್ಟಾರ್ಟರ್: ಕೊಡಗಿನ ಮಳೆಯಲ್ಲಿ, ಇಳಿಜಾರಿನಲ್ಲಿ ದೋಷ ಹುಡುಕುವ ಬಗೆ

ಕಾರಿಗೆ ಅಲಾರಂ ಮತ್ತು ದೂರದಿಂದಲೇ ಎಂಜಿನ್ ಸ್ಟಾರ್ಟ್ ಮಾಡುವ ರಿಮೋಟ್ ಸ್ಟಾರ್ಟರನ್ನು ಬೇಸಗೆಯಲ್ಲಿ ತಾವೇ ಜೋಡಿಸಿಕೊಂಡು, ಎಲ್ಲವೂ ಸರಿಯಾಗಿದೆ ಎಂದು ನೆಮ್ಮದಿಯಿಂದಿದ್ದವರಿಗೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಒಂದೊಂದಾಗಿ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಾಗಲಿ, ಅದಕ್ಕಿಂತಲೂ ಹೆಚ್ಚು ನೆನೆಯುವ ಭಾಗಮಂಡಲದ ಕಡೆಯಲ್ಲಾಗಲಿ ತಂತಿಯ ಜೋಡಣೆಗೆ ಬೀಳುವ ಪರೀಕ್ಷೆ ಬಯಲುಸೀಮೆಯಲ್ಲಿ ಬೀಳುವುದಿಲ್ಲ. ಇಂತಹ ಜೋಡಣೆಗಳನ್ನು ಹಲವು ವರ್ಷ ಬಿಚ್ಚಿ ನೋಡಿದ ನನ್ನ ಅನುಭವದಲ್ಲಿ, ಕೆಟ್ಟಿದೆ ಎಂದು ತೆಗೆದಿಟ್ಟ ಅಲಾರಂ ಪೆಟ್ಟಿಗೆ ಬಹುತೇಕ ಸಲ ಚೆನ್ನಾಗಿಯೇ ಇರುತ್ತದೆ. ದೋಷವಿರುವುದು ಬ್ಯಾಟರಿಯಲ್ಲಿ, ಅರ್ತ್ ತಂತಿಯಲ್ಲಿ ಅಥವಾ ನೀರು ಇಳಿದ ಒಂದು ಜೋಡಣೆಯಲ್ಲಿ. ಆದ್ದರಿಂದ ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಕೆಳಗಿನ ಕ್ರಮದಲ್ಲಿ ನೋಡುತ್ತಾ ಬನ್ನಿ. ಪ್ರತಿಯೊಂದು ಭಾಗದಲ್ಲಿಯೂ ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಹೇಳಿದ್ದೇನೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, 10 ನಂಬರಿನ ಸ್ಪ್ಯಾನರ್, ಉಪ್ಪುಕಾಗದ, ಒಳ್ಳೆಯ ಟಾರ್ಚ್, ಮತ್ತು ಜೋಡಿಸುವಾಗ ಯಾವ ತಂತಿಯನ್ನು ಎಲ್ಲಿಗೆ ಸೇರಿಸಿದಿರಿ ಎಂದು ಬರೆದಿಟ್ಟ ಚೀಟಿ. ಬರೆದಿಡದಿದ್ದರೆ ಈಗಲಾದರೂ ಡ್ಯಾಶ್‌ಬೋರ್ಡಿನ ಕೆಳಗಿನ ಪ್ರತಿಯೊಂದು ಜೋಡಣೆಯ ಫೋಟೋ ತೆಗೆದುಕೊಳ್ಳಿ.

ಕೈ ಹಾಕುವ ಮೊದಲು: ಗೇರಿನಲ್ಲಿ ನಿಂತ ಕಾರು

ನಮ್ಮಲ್ಲಿ ಸಮತಟ್ಟಾದ ಜಾಗ ಕಡಿಮೆ. ಐನ್‌ಮನೆಯ (ಕೊಡವರ ಮೂಲ ಕುಟುಂಬದ ಮನೆಯ) ಓಣಿಯಲ್ಲಿ, ತೋಟದ ದಾರಿಯಲ್ಲಿ, ಮಡಿಕೇರಿಯ ಏರುರಸ್ತೆಗಳಲ್ಲಿ ಕಾರು ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆದು, ಅದರ ಮೇಲೆ ಭರವಸೆ ಸಾಲದೆ ಒಂದನೆಯ ಗೇರಿಗೋ ರಿವರ್ಸಿಗೋ ಹಾಕಿ ಇಳಿಯುತ್ತಾರೆ. ಇದು ಹಿರಿಯರು ಕಲಿಸಿದ, ಬಿಡಬಾರದ ಅಭ್ಯಾಸ. ಆದರೆ ರಿಮೋಟ್ ಸ್ಟಾರ್ಟರ್ ಕೂರಿಸಿದ ಮ್ಯಾನುಯಲ್ ಗೇರಿನ ಕಾರಿನಲ್ಲಿ ಇದೇ ಅಭ್ಯಾಸ ಅಪಾಯಕ್ಕೆ ತಿರುಗುತ್ತದೆ. ಗೇರಿನಲ್ಲಿರುವ ಕಾರಿಗೆ ಸೆಲ್ಫ್ ಹೊಡೆದರೆ ಸೆಲ್ಫ್ ಮೋಟರಿನ ಬಲದಿಂದಲೇ ಕಾರು ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಎಂಜಿನ್ ಹತ್ತಿಕೊಂಡರೆ ಡ್ರೈವರ್ ಇಲ್ಲದೆಯೇ ಹೊರಟುಬಿಡಬಹುದು. ನಮ್ಮ ಬಂಧುಗಳ ಮನೆಯ ಅಂಗಳದಲ್ಲಿ ಹೀಗೆ ಜಿಗಿದ ಕಾರೊಂದು ಕಾಫಿ ಒಣಗಿಸುವ ಕಣದ ಕಟ್ಟೆಗೆ ಬಡಿದು ನಿಂತಿತು. ಆ ಹೊತ್ತಿನಲ್ಲಿ ಕಣದಲ್ಲಿ ಯಾರೂ ಇರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಮುಂದೆ ಬರುವ ಪ್ರತಿಯೊಂದು ಪರೀಕ್ಷೆಯನ್ನೂ ಕಾರು ಸಮತಟ್ಟಾದ ಜಾಗದಲ್ಲಿ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಒಡ್ಡಿದ ಮೇಲೆಯೇ ಮಾಡಬೇಕು. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು.

ಇದರೊಂದಿಗೆ ಇನ್ನೂ ಕೆಲವು ಎಚ್ಚರಿಕೆಗಳಿವೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಮಲಗಿದವರಿಗೂ ಅದು ಮಾರಕವಾಗಬಲ್ಲದು. ಸ್ಟಿಯರಿಂಗಿನ ಕೆಳಗೆ ಕಾಣುವ ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವನ್ನು ಬಿಚ್ಚುವುದಾಗಲಿ, ಮೀಟರಿನಿಂದ ಮುಟ್ಟುವುದಾಗಲಿ ಬೇಡ. ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಕಂಪ್ಯೂಟರ್ ಪೆಟ್ಟಿಗೆಗಳಿಗೆ ಹೋಗುವ ತಂತಿಗಳ ಮೇಲೆ ಬಳಸಬಾರದು, ಏಕೆಂದರೆ ಆ ಬಲ್ಬು ಎಳೆಯುವ ಕರೆಂಟನ್ನು ಅವು ತಾಳಲಾರವು. ತಂತಿ ಬಿಚ್ಚುವ, ಸೇರಿಸುವ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ.

ಕಾನೂನಿನ ಮಾತೊಂದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಂತಿರುವಾಗ ಲೈಸೆನ್ಸ್ ಇರುವವರು ಡ್ರೈವರ್ ಸೀಟಿನಲ್ಲಿ ಕುಳಿತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 126ನೆಯ ಕಲಮು. ಆದ್ದರಿಂದ ರಿಮೋಟ್ ಸ್ಟಾರ್ಟ್ ನಿಮ್ಮ ಸ್ವಂತ ಅಂಗಳದ ಮಾತು. ಪೇಟೆಯ ರಸ್ತೆಬದಿಯಲ್ಲಿ ಅದನ್ನು ಒತ್ತಬಾರದು.

ಲಕ್ಷಣ: ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ

ಮೊದಲು ಕಾರಿನ ಪಕ್ಕಕ್ಕೆ ಹೋಗಿ ಒತ್ತಿ ನೋಡಿ. ಪಕ್ಕದಲ್ಲಿ ಕೆಲಸ ಮಾಡಿ, ಜಗುಲಿಯಿಂದ ಮಾಡದಿದ್ದರೆ ದೋಷ ರಿಮೋಟಿನ ಸೆಲ್ಲಿನಲ್ಲಿ ಅಥವಾ ಆಂಟೆನಾದಲ್ಲಿದೆ. ಬಟನ್ನಿನಂತಿರುವ 3 ವೋಲ್ಟ್ ಸೆಲ್ಲನ್ನು ಮೀಟರಿಗೆ ಹಿಡಿದಾಗ 2.7ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಿ. ಆಂಟೆನಾ ತಂತಿಯನ್ನು ಡ್ಯಾಶ್‌ಬೋರ್ಡಿನ ಲೋಹದ ಚೌಕಟ್ಟಿನ ಹಿಂದೆ ಸುರುಳಿ ಸುತ್ತಿ ತುರುಕಿದ್ದರೆ ದೂರ ಕುಗ್ಗುವುದು ಸಹಜ. ಅದನ್ನು ಬಿಡಿಸಿ, ಗಾಜಿನ ಅಂಚಿನಲ್ಲಿ ಮೇಲಕ್ಕೆ ನೇರವಾಗಿ ಎಳೆಯಿರಿ. ದಪ್ಪ ಕಲ್ಲುಗೋಡೆಯ ಹಳೆಯ ಮನೆಯೊಳಗಿಂದ ಒತ್ತಿ, ಯಂತ್ರವನ್ನು ದೂರುವುದು ನ್ಯಾಯವಲ್ಲ.

ಪಕ್ಕದಲ್ಲಿ ನಿಂತು ಒತ್ತಿದರೂ ಏನೂ ಆಗದಿದ್ದಲ್ಲಿ ಕಾರಿನ ಒಳಗೆ ಮಿನುಗುವ ಸಣ್ಣ ಎಲ್‌ಇಡಿಯನ್ನು ಗಮನಿಸಿ. ಅದು ಬಿಡದೆ ಉರಿಯುತ್ತಿದ್ದರೆ ಹಲವು ಮಾದರಿಗಳಲ್ಲಿ ಯಂತ್ರ ವ್ಯಾಲೆಟ್ ಸ್ಥಿತಿಯಲ್ಲಿದೆ, ಅಂದರೆ ಕಾರನ್ನು ಬೇರೆಯವರ ಕೈಗೆ ಕೊಡುವಾಗ ತಾತ್ಕಾಲಿಕವಾಗಿ ಸುಮ್ಮನಾಗಿಸಿದ ಸ್ಥಿತಿಯಲ್ಲಿದೆ ಎಂದರ್ಥ. ವಾಟರ್ ವಾಶ್‌ಗೆ ಕಾರು ಕೊಟ್ಟು ತಂದ ಮೇಲೆ ಹೀಗಾಗುವುದುಂಟು. ಎಲ್‌ಇಡಿ ಸಂಪೂರ್ಣ ಆರಿದ್ದರೆ ಯಂತ್ರಕ್ಕೆ ವಿದ್ಯುತ್ ಸಿಗುತ್ತಿಲ್ಲ. ಅದರ ಫ್ಯೂಸನ್ನು ಹೊರತೆಗೆದು ನೋಡಿ. ಕರಗಿದ್ದರೆ ಅದೇ ಅಳತೆಯದನ್ನು ಒಮ್ಮೆ ಮಾತ್ರ ಹಾಕಿ. ಎರಡನೆಯದೂ ಹೋದರೆ ಎಲ್ಲಿಯೋ ತಂತಿ ಕಾರಿನ ಲೋಹದ ಮೈಗೆ ತಾಗುತ್ತಿದೆ. 15 ಆಂಪಿಯರ್ ಜಾಗದಲ್ಲಿ 30 ಹಾಕುವುದೆಂದರೆ ಫ್ಯೂಸಿಗೆ ಬದಲಾಗಿ ತಂತಿಯೇ ಸುಡಲಿ ಎಂದಂತೆ.

ಲಕ್ಷಣ: ರಾತ್ರಿ ಕಾರಣವಿಲ್ಲದೆ ಅಲಾರಂ ಕೂಗುತ್ತದೆ

ಇದು ನನ್ನಲ್ಲಿಗೆ ಅತಿ ಹೆಚ್ಚು ಬರುವ ದೂರು. ದಕ್ಷಿಣ ಕೊಡಗಿನ ಆನೆಗಳು ಓಡಾಡುವ ಕಡೆ, ಅಂದರೆ ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆಯ ಸುತ್ತಮುತ್ತ ಇರುವವರು ಅಲಾರಂ ಕೂಗಿದೊಡನೆ ಟಾರ್ಚ್ ಹಿಡಿದು ಕತ್ತಲಿಗೆ ಇಳಿಯಬೇಡಿ. ಕಿಟಕಿಯಿಂದ ರಿಮೋಟ್ ಒತ್ತಿ ನಿಲ್ಲಿಸಿ, ಹುಡುಕಾಟವನ್ನು ಬೆಳಗಿಗೆ ಇಟ್ಟುಕೊಳ್ಳಿ.

ಬೆಳಿಗ್ಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಕೂಗಿದ್ದು ಮಳೆ ಸುರಿಯುವಾಗಲೋ, ಮಳೆ ನಿಂತು ಗಂಟೆಗಳಾದ ಮೇಲೋ? ಸುರಿಯುವಾಗ, ಗುಡುಗಿದಾಗ, ಸಿಲ್ವರ್ ಓಕ್ ಮರದ ಕಡ್ಡಿ ಉದುರಿದಾಗ, ಮರದ ಲಾರಿ ಹಾದುಹೋದಾಗ ಕೂಗಿದರೆ ಅಲುಗಾಟವನ್ನು ಗುರುತಿಸುವ ಶಾಕ್ ಸೆನ್ಸರಿನ ಸೂಕ್ಷ್ಮತೆ ಹೆಚ್ಚಾಗಿದೆ. ಸೆನ್ಸರಿನ ಮೇಲಿರುವ ಸಣ್ಣ ತಿರುಪನ್ನು ಕಾಲು ಸುತ್ತಿನಷ್ಟು ಕಡಿಮೆ ಮಾಡಿ, ಗಾಜನ್ನು ಬೆರಳಿನಿಂದ ತಟ್ಟಿದರೆ ಸುಮ್ಮನಿರುವಂತೆಯೂ, ಅಂಗೈಯಿಂದ ಬಲವಾಗಿ ಬಡಿದರೆ ಎಚ್ಚರಗೊಳ್ಳುವಂತೆಯೂ ಹದಗೊಳಿಸಿ. ಸೆನ್ಸರನ್ನು ಬಾಗುವ ಪ್ಲಾಸ್ಟಿಕ್ಕಿಗೆ ಟೇಪಿನಿಂದ ಅಂಟಿಸಿದ್ದರೆ ಯಾವ ಹದವೂ ನಿಲ್ಲುವುದಿಲ್ಲ; ಸ್ಟಿಯರಿಂಗ್ ಕೆಳಗಿನ ಗಟ್ಟಿ ಚೌಕಟ್ಟಿಗೆ ಬಿಗಿದು ಕಟ್ಟಿ.

ಮಳೆ ನಿಂತ ಮೇಲೆ, ವಿಶೇಷವಾಗಿ ನಸುಕಿನಲ್ಲಿ ಮಂಜು ಕವಿದಾಗ ಕೂಗುವ ಅಲಾರಂ ಬೇರೆಯದೇ ಕತೆ ಹೇಳುತ್ತದೆ. ಅಲ್ಲಿ ಅಪರಾಧಿ ಬಹುಮಟ್ಟಿಗೆ ಬಾನೆಟ್ ಕೆಳಗಿನ ಪಿನ್ ಸ್ವಿಚ್ ಆಗಿರುತ್ತದೆ. ಬಾನೆಟ್ ಮುಚ್ಚಿದಾಗ ಒತ್ತಲ್ಪಡುವ ಈ ಸ್ವಿಚ್ಚನ್ನು ನೀರು ಹರಿಯುವ ಅಂಚಿನಲ್ಲಿ ಕೂರಿಸಿದ್ದರೆ, ಒಳಗೆ ಸೇರಿದ ತೇವ ಮತ್ತು ಕಿಲುಬಿನ ಮೂಲಕ ಸಣ್ಣ ಕರೆಂಟು ಹರಿದು, ಬಾನೆಟ್ ತೆರೆಯಿತು ಎಂದು ಯಂತ್ರ ಭ್ರಮಿಸುತ್ತದೆ. ಪರೀಕ್ಷೆ ಸುಲಭ: ಆ ಸ್ವಿಚ್ಚಿನ ತಂತಿಯನ್ನು ಕಳಚಿ, ತುದಿಗೆ ಟೇಪ್ ಸುತ್ತಿ ಎರಡು ರಾತ್ರಿ ಬಿಡಿ. ಆದರೆ ಬಾನೆಟ್ ತೆರೆದಾಗ ರಿಮೋಟ್ ಸ್ಟಾರ್ಟನ್ನು ತಡೆಯುವುದೂ ಇದೇ ಸ್ವಿಚ್ ಆದ್ದರಿಂದ, ಆ ಎರಡು ದಿನ ರಿಮೋಟ್ ಸ್ಟಾರ್ಟನ್ನು ಸಂಪೂರ್ಣವಾಗಿ ನಿಷ್ಕ್ರಿಯಗೊಳಿಸಿ. ಅಲಾರಂ ಸುಮ್ಮನಾದರೆ ಹೊಸ ಸ್ವಿಚ್ ಹಾಕಿ, ನೀರು ಹರಿಯದ ಎತ್ತರದ ಜಾಗಕ್ಕೆ ಸರಿಸಿ, ಟರ್ಮಿನಲ್ಲಿಗೆ ತೆಳುವಾಗಿ ಗ್ರೀಸ್ ಹಚ್ಚಿ.

ಪಿನ್ ಸ್ವಿಚ್ ಸರಿಯಿದ್ದರೆ ಬಾಗಿಲುಗಳ ಕಡೆಗೆ ತಿರುಗಿ. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದಿರುವ ಗುರುತು ಮಿಣುಕುತ್ತಿದೆಯೇ, ಡಿಕ್ಕಿಯೊಳಗಿನ ದೀಪ ಆರದೆ ಉಳಿದಿದೆಯೇ ನೋಡಿ. ಕೆಲವು ಕಾರುಗಳಲ್ಲಿ ಬಾಗಿಲು ಮುಚ್ಚಿದ ಮೇಲೂ ಒಳದೀಪ ಅರ್ಧ ನಿಮಿಷ ಉರಿದು ನಿಧಾನವಾಗಿ ಆರುತ್ತದೆ; ಅಲಾರಂನ ಬಾಗಿಲಿನ ತಂತಿಯನ್ನು ಆ ದೀಪದಿಂದ ಎಳೆದಿದ್ದರೆ, ಲಾಕ್ ಮಾಡಿದ ಕೂಡಲೇ ಬಾಗಿಲು ತೆರೆದಿದೆ ಎಂಬ ಎಚ್ಚರಿಕೆ ಬರುತ್ತದೆ. ಯಂತ್ರದ ಸೆಟ್ಟಿಂಗಿನಲ್ಲಿ ಕಾಯುವ ಅವಧಿ ಹೆಚ್ಚಿಸಿದರೆ ಇದು ನಿಲ್ಲುತ್ತದೆ.

ಕೂಗು ಬರಬರುತ್ತಾ ಕ್ಷೀಣವಾಗಿ, ಕೆರೆದಂತೆ ಕೇಳಿಸುತ್ತಿದ್ದರೆ ಸೈರನ್ನಿನ ಬಾಯಿ ಮೇಲಕ್ಕಿದ್ದು ನೀರು ತುಂಬಿದೆ. ಬಾಯಿ ಕೆಳಮುಖವಾಗಿ, ಎಂಜಿನ್ನಿನ ಬಿಸಿ ಕೊಳವೆಗಳಿಂದ ದೂರ ಕೂರಿಸಬೇಕು.

ಲಕ್ಷಣ: ಕೆಲವು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ

ಜುಲೈ-ಆಗಸ್ಟಿನಲ್ಲಿ ಬರುವ ಕಕ್ಕಡ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಕಾರು ಹೊರತೆಗೆಯದ ಮನೆಗಳಿವೆ. ಆಗ ಇಳಿದ ಬ್ಯಾಟರಿಗೆ ಅಲಾರಂ ಕಾರಣವೋ, ಬ್ಯಾಟರಿಯ ವಯಸ್ಸು ಕಾರಣವೋ ಎಂದು ಅಳೆದೇ ತಿಳಿಯಬೇಕು.

ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಪೂರ್ಣ ಚಾರ್ಜ್, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಡೈನಮೋ, ಅಂದರೆ ಆಲ್ಟರ್ನೇಟರ್ ಕಡೆ ನೋಡಬೇಕು. ತಂಪಿನಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ಆಮೇಲೂ ಹಾಗೆಯೇ ಆದರೆ ಬ್ಯಾಟರಿಯೇ ದುರ್ಬಲವಾಗಿದೆ, ಅಲಾರಂ ತೆಗೆದರೆ ಪ್ರಯೋಜನವಿಲ್ಲ.

ಬ್ಯಾಟರಿ ಚೆನ್ನಾಗಿದ್ದೂ ಇಳಿಯುತ್ತಿದ್ದರೆ, ನಿಂತ ಕಾರು ಎಷ್ಟು ಕರೆಂಟು ತಿನ್ನುತ್ತಿದೆ ಎಂದು ಅಳೆಯಿರಿ. ಕೀಲಿ ತೆಗೆದು, ಬಾನೆಟ್ ಪಿನ್ ಸ್ವಿಚ್ಚನ್ನು ದಾರದಿಂದ ಒತ್ತಿ ಕಟ್ಟಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ನೆಗೆಟಿವ್ ಟರ್ಮಿನಲ್ಲಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಕಾಯಿರಿ, ಏಕೆಂದರೆ ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಅಷ್ಟು ಸಮಯ ಬೇಕಾಗಬಹುದು. ಮೀಟರ್ ಹೀಗೆ ಸೇರಿರುವಾಗ ಇಗ್ನಿಷನ್ ಹಾಕಬಾರದು, ಸೆಲ್ಫ್ ಹೊಡೆಯಲೇಬಾರದು. ಕೊನೆಗೆ ನಿಲ್ಲುವ ಅಂಕಿ 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ: 45 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಅದು ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟು ತಿನ್ನುತ್ತದೆ, ಅಂದರೆ ಅರ್ಧಕ್ಕೆ ಇಳಿಯಲು ಎರಡೂವರೆ ವಾರಕ್ಕೂ ಹೆಚ್ಚು. ಅಂಕಿ 300 ಮಿಲಿ ಆಂಪಿಯರ್ ಇದ್ದರೆ ಮೂರೇ ದಿನ ಸಾಕು. ಆಗ ಅಲಾರಂನ ಫ್ಯೂಸ್ ತೆಗೆಯಿರಿ. ಅಂಕಿ ಧುಮುಕಿದರೆ ದೋಷ ನಿಮ್ಮ ಜೋಡಣೆಯದು, ಸಾಮಾನ್ಯವಾಗಿ ಅಂಟಿಕೊಂಡ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಅಥವಾ ಆರದೆ ಉಳಿದ ಇಮೊಬಿಲೈಸರ್ ಬೈಪಾಸ್ ಪೆಟ್ಟಿಗೆ, ಅಂದರೆ ಕಾರಿನ ಕಳ್ಳತಡೆ ವ್ಯವಸ್ಥೆ ರಿಮೋಟ್ ಸ್ಟಾರ್ಟನ್ನು ತಡೆಯದಂತೆ ಮಾಡುವ ಪೆಟ್ಟಿಗೆ. ಧುಮುಕದಿದ್ದರೆ ಕಾರಿನ ಉಳಿದ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಹಾಕುತ್ತಾ ಹುಡುಕಿ.

ಲಕ್ಷಣ: ಒಂದು ಬಾಗಿಲು ಮಾತ್ರ ಲಾಕ್ ಆಗುವುದಿಲ್ಲ

ಮೂರು ಬಾಗಿಲು ಕೇಳಿ, ಒಂದು ಕೇಳದಿದ್ದರೆ ಯಂತ್ರ ಸರಿಯಿದೆ. ಕಂಬಕ್ಕೂ ಬಾಗಿಲಿಗೂ ನಡುವಿನ ರಬ್ಬರ್ ತೋಳನ್ನು ಬಗ್ಗಿಸಿ ನೋಡಿ. ಒಳಗಿನ ತಂತಿ ತುಂಡಾಗಿರುತ್ತದೆ, ಇಲ್ಲವೇ ಆ ಬಾಗಿಲಿನ ಮೋಟರ್ ತುಕ್ಕು ಹಿಡಿದಿರುತ್ತದೆ.

ಲಕ್ಷಣ: ಅಲಾರಂ ಸರಿ, ಆದರೆ ರಿಮೋಟ್‌ನಿಂದ ಸೆಲ್ಫ್ ಹೊಡೆಯುವುದಿಲ್ಲ

ಕೀಲಿಯಿಂದ ಸ್ಟಾರ್ಟ್ ಆಗುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕೀಲಿಯಿಂದ ಆಗಿ ರಿಮೋಟ್‌ನಿಂದ ಆಗದಿದ್ದರೆ, ಇಂಡಿಕೇಟರುಗಳು ಎಷ್ಟು ಸಲ ಮಿನುಗಿದವು ಎಂದು ಎಣಿಸಿ. ಬಹಳಷ್ಟು ಯಂತ್ರಗಳು ತಾವು ಏಕೆ ನಿರಾಕರಿಸಿದೆವು ಎಂಬುದನ್ನು ಆ ಎಣಿಕೆಯಲ್ಲಿ ಹೇಳುತ್ತವೆ, ಅರ್ಥ ಪೆಟ್ಟಿಗೆಯೊಂದಿಗೆ ಬಂದ ಪುಸ್ತಕದಲ್ಲಿರುತ್ತದೆ. ನಿರಾಕರಣೆಯ ಕಾರಣಗಳು ಕೆಲವೇ: ಬಾನೆಟ್ ತೆರೆದಿದೆ ಎಂಬ ಸೂಚನೆ, ಬ್ರೇಕ್ ಒತ್ತಿದೆ ಎಂಬ ಸೂಚನೆ, ಹ್ಯಾಂಡ್ ಬ್ರೇಕ್ ಎಳೆದಿಲ್ಲ ಎಂಬ ಸೂಚನೆ, ಮ್ಯಾನುಯಲ್ ಕಾರಿನಲ್ಲಿ ನ್ಯೂಟ್ರಲ್ ಖಾತರಿಯ ಕ್ರಮ ಪೂರ್ಣವಾಗಿಲ್ಲದಿರುವುದು.

ಈ ಕೊನೆಯದನ್ನು ದೋಷವೆಂದು ತಿಳಿದು ತಂತಿ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ತೆಗೆದು, ಇಳಿದು, ಬಾಗಿಲು ಮುಚ್ಚಿದ ಮೇಲೆ ಎಂಜಿನ್ ನಿಲ್ಲುವಂತೆ ರೂಪಿಸಿದ ಕ್ರಮ ಅದು. ಗೇರಿನಲ್ಲಿರುವ ಕಾರು ಎಂಜಿನ್ ಓಡುತ್ತಿರುವಾಗ ನಿಂತಲ್ಲಿಯೇ ನಿಲ್ಲಲಾರದು, ಆದ್ದರಿಂದ ಎಂಜಿನ್ ಓಡುತ್ತಿರುವಾಗ ಇಳಿದವರು ನ್ಯೂಟ್ರಲ್‌ನಲ್ಲಿಯೇ ಬಿಟ್ಟಿರಬೇಕು ಎಂಬುದು ಅದರ ತರ್ಕ. ಆಮೇಲೆ ಯಾರಾದರೂ ಬಾಗಿಲು ತೆರೆದರೆ, ಒಳಗೆ ಗೇರು ಬದಲಾಗಿರಬಹುದು ಎಂದು ಯಂತ್ರ ಆ ಒಪ್ಪಿಗೆಯನ್ನು ರದ್ದು ಮಾಡುತ್ತದೆ. ಬಾಗಿಲಿನ ತಂತಿಗಳಲ್ಲಿ ಒಂದೇ ಒಂದು ಕಡಿದಿದ್ದರೂ ಈ ರಕ್ಷಣೆ ಕುರುಡಾಗುವುದರಿಂದ, ಪ್ರತಿಯೊಂದು ಬಾಗಿಲಿಗೂ ಕ್ರಮವನ್ನು ಹೊಸದಾಗಿ ಪೂರೈಸಿ, ಆ ಬಾಗಿಲೊಂದನ್ನೇ ತೆರೆದು ಮುಚ್ಚಿ, ಪ್ರತಿ ಸಲವೂ ರಿಮೋಟ್ ಸ್ಟಾರ್ಟ್ ನಿರಾಕರಿಸುತ್ತದೆಯೇ ಎಂದು ನೋಡಿ. ಒಂದು ಬಾಗಿಲಿನಲ್ಲಿಯಾದರೂ ನಿರಾಕರಿಸದಿದ್ದರೆ ಅದು ಸರಿಯಾಗುವವರೆಗೆ ರಿಮೋಟ್ ಸ್ಟಾರ್ಟ್ ಬಳಸಬೇಡಿ. ಇಳಿಜಾರಿನಲ್ಲಿಯೇ ನಿತ್ಯ ನಿಲ್ಲುವ ಮ್ಯಾನುಯಲ್ ಕಾರಿನವರಿಗೆ ನಾನು ಕೊಡುವ ಸಲಹೆ ಒಂದೇ: ಅಲಾರಂ ಇರಲಿ, ರಿಮೋಟ್ ಸ್ಟಾರ್ಟಿನ ತಂತಿಯನ್ನು ಬಿಚ್ಚಿಸಿಬಿಡಿ. ಗಾಜಿನ ಮಂಜನ್ನು ಒಳಗೆ ಕುಳಿತು ಎರಡು ನಿಮಿಷ ಹೀಟರ್ ಹಾಕಿಯೂ ಕರಗಿಸಬಹುದು.

ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಬೇರೆ: ಗೇರಿನಲ್ಲಿರುವಾಗ ಯಂತ್ರ ಸ್ಟಾರ್ಟನ್ನು ನಿರಾಕರಿಸುತ್ತದೆಯೇ ಎಂದು ನೋಡಬೇಕು, ಆದ್ದರಿಂದ ನ್ಯೂಟ್ರಲ್ ನಿಯಮಕ್ಕೆ ಇದೊಂದೇ ಹೊರತು. ತೆರೆದ ಸಮತಟ್ಟಿನಲ್ಲಿ ಚಕ್ರಕ್ಕೆ ಕಲ್ಲು ಒಡ್ಡಿ, ಹ್ಯಾಂಡ್ ಬ್ರೇಕ್ ಎಳೆದು, ಸೀಟಿನಲ್ಲಿ ಕುಳಿತು, ಎಂಜಿನ್ ಆರಿರುವಾಗ ಲಿವರನ್ನು ಡ್ರೈವ್ (D) ಸ್ಥಾನಕ್ಕೆ ತಂದು, ಪಾದವನ್ನು ಬ್ರೇಕಿನ ಮೇಲೆ ಒತ್ತದೆ, ಒತ್ತಲು ಸಿದ್ಧವಾಗಿ ಹಿಡಿದು ರಿಮೋಟ್ ಒತ್ತಿ. ಬ್ರೇಕ್ ಒತ್ತಿದ್ದರೆ ಅದೇ ಕಾರಣಕ್ಕೆ ಯಂತ್ರ ನಿರಾಕರಿಸಿ ಪರೀಕ್ಷೆ ವ್ಯರ್ಥವಾಗುತ್ತದೆ. ಸೆಲ್ಫ್ ಮಿಸುಕಿದರೆ ಕೂಡಲೇ ಬ್ರೇಕ್ ಒತ್ತಿ, ಆಫ್ ಮಾಡಿ, ರಿಮೋಟ್ ಸ್ಟಾರ್ಟರಿನ ಫ್ಯೂಸನ್ನು ಅಲ್ಲಿಯೇ ತೆಗೆದುಬಿಡಿ.

ಸೂಚನೆಗಳೆಲ್ಲ ಸರಿಯಿದ್ದು, ರಿಲೇ ಟಕ್ ಎಂದರೂ ಸೆಲ್ಫ್ ತಿರುಗದಿದ್ದರೆ ಇಗ್ನಿಷನ್ ತಂತಿಗಳ ಗುರುತು ತಪ್ಪಿರಬಹುದು. ಮೀಟರಿನಿಂದ ಹೀಗೆ ಗುರುತಿಸಿ: ಯಾವಾಗಲೂ 12 ವೋಲ್ಟ್ ಇರುವುದು ಬ್ಯಾಟರಿಯ ತಂತಿ, ಕೀಲಿ ಆನ್ ಆದಾಗ ಬಂದು, ಸೆಲ್ಫ್ ಹೊಡೆಯುವಾಗಲೂ ಉಳಿಯುವುದು ಇಗ್ನಿಷನ್, ಸೆಲ್ಫ್ ಹೊಡೆಯುವಾಗ ಮಾತ್ರ ಕಣ್ಮರೆಯಾಗುವುದು ಆಕ್ಸೆಸರಿ, ಸೆಲ್ಫ್ ಹೊಡೆಯುವಾಗ ಮಾತ್ರ ಬರುವುದು ಸ್ಟಾರ್ಟ್. ಆಕ್ಸೆಸರಿಯನ್ನು ಇಗ್ನಿಷನ್ ಎಂದು ತಿಳಿದು ಸೇರಿಸುವುದು ಸಾಮಾನ್ಯ ತಪ್ಪು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಿಗೆ ಈ ವಿಧಾನ ಹೊಂದುವುದಿಲ್ಲ.

ಲಕ್ಷಣ: ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ

ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರ ಮಿನುಗಿದರೆ ಇದು ಕಾರಿನದೇ ಇಮೊಬಿಲೈಸರ್. ಕೀಲಿಯೊಳಗಿನ ಚಿಪ್ ಕಾಣದೆ ಅದು ಎಂಜಿನ್ನನ್ನು ನಿಲ್ಲಿಸುತ್ತಿದೆ. ಬೈಪಾಸ್ ಪೆಟ್ಟಿಗೆಯಲ್ಲಿ ಚಿಪ್ ಕೀಲಿ ಇಟ್ಟಿದ್ದರೆ ಅದು ಸುರುಳಿಯ ಮಧ್ಯದಿಂದ ಜಾರಿದೆಯೇ ನೋಡಿ. ಕೀಲಿಯನ್ನು ಕಾರಿನೊಳಗೆ ಬಚ್ಚಿಡುವ ಈ ವಿಧಾನ ಕಳ್ಳನಿಗೆ ದಾರಿ ಮಾಡಿಕೊಟ್ಟಂತೆ ಎಂಬ ಆತಂಕ ನನಗೆ ಇದ್ದೇ ಇದೆ. ಹಾಗೆ ಇಡುವುದಾದರೆ ಕೀಲಿಯ ಲೋಹದ ಭಾಗವನ್ನು ಕತ್ತರಿಸಿ ಚಿಪ್ಪನ್ನು ಮಾತ್ರ ಇಡಿ.

ಬೀಗದ ಚಿತ್ರ ಮಿನುಗದೆ, ಹತ್ತು ಹದಿನೈದು ಸೆಕೆಂಡು ಓಡಿ ನಿಂತರೆ, ಎಂಜಿನ್ ಓಡುತ್ತಿದೆ ಎಂಬುದು ಯಂತ್ರಕ್ಕೆ ತಿಳಿಯುತ್ತಿಲ್ಲ. ಎಂಜಿನ್ ತಿರುಗುವ ವೇಗವನ್ನು ತಿಳಿಸುವ ಆರ್‌ಪಿಎಂ ಸಂಕೇತದ ತಂತಿ ಸಡಿಲವಾಗಿದೆ ಅಥವಾ ಯಂತ್ರಕ್ಕೆ ಆ ಸಂಕೇತವನ್ನು ಕಲಿಸುವ ಹಂತ ಬಿಟ್ಟುಹೋಗಿದೆ. ಡೀಸೆಲ್ ಕಾರಿನಲ್ಲಿ, ಮುಖ್ಯವಾಗಿ ಡಿಸೆಂಬರಿನ ಚಳಿಯಲ್ಲಿ, ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಕಾಯುವ ಮೊದಲೇ ಸೆಲ್ಫ್ ಹೊಡೆದರೂ ಎಂಜಿನ್ ಸರಿಯಾಗಿ ಹತ್ತುವುದಿಲ್ಲ. ಸೆಟ್ಟಿಂಗಿನಲ್ಲಿ ಡೀಸೆಲ್ ಆಯ್ಕೆ ಮಾಡಿ.

ಲಕ್ಷಣ: ಎಂಜಿನ್ ಹತ್ತಿದ ಮೇಲೂ ಸೆಲ್ಫ್ ಕಿರುಗುಟ್ಟುತ್ತದೆ

ಇಲ್ಲಿ ಪ್ರಯೋಗ ಮುಂದುವರಿಸಬೇಡಿ. ಬ್ರೇಕ್ ಒತ್ತಿ ನಿಲ್ಲಿಸಿ. ನಿಲ್ಲದಿದ್ದರೆ ಫ್ಯೂಸ್ ತೆಗೆಯಿರಿ. ಆರ್‌ಪಿಎಂ ಸಂಕೇತ ತಪ್ಪಿರಬಹುದು, ಇಲ್ಲವೇ ಸ್ಟಾರ್ಟ್ ರಿಲೇ ಅಂಟಿರಬಹುದು. ಎರಡರಿಂದಲೂ ಸೆಲ್ಫ್ ಮೋಟರಿನ ಹಲ್ಲು ಸವೆದು ದೊಡ್ಡ ಖರ್ಚು ಬರುತ್ತದೆ.

ಲಕ್ಷಣ: ಇವತ್ತು ಸರಿ, ನಾಳೆ ಇಲ್ಲ

ಬಂದು ಹೋಗುವ ದೋಷಕ್ಕೆ ಅರ್ತನ್ನೇ ಮೊದಲು ಸಂಶಯಿಸಿ. ಸೈರನ್ ಕೂಗುತ್ತಿರುವಾಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ, ಇನ್ನೊಂದನ್ನು ಯಂತ್ರದ ಅರ್ತ್ ಬೋಲ್ಟಿಗೂ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಆಮೇಲೆ, ಸುತ್ತಿ ಟೇಪ್ ಹಚ್ಚಿದ ಜೋಡಣೆಗಳನ್ನು ಬಿಚ್ಚಿ ನೋಡಿ; ತಾಮ್ರ ಹಸಿರಾಗಿದ್ದರೆ ಹೊಳೆಯುವವರೆಗೆ ಕತ್ತರಿಸಿ, ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಎಂಜಿನ್ ಕಡೆಯಿಂದ ಒಳಬರುವ ತಂತಿ ರಂಧ್ರಕ್ಕಿಂತ ಕೆಳಗೆ ಒಮ್ಮೆ ಜೋಲಿ ಆಮೇಲೆ ಮೇಲೇರಿದರೆ, ಅದರ ಗುಂಟ ಹರಿದ ನೀರು ಆ ಜೋಲಿನಲ್ಲಿಯೇ ತೊಟ್ಟಿಕ್ಕಿ ಒಳಗೆ ಬರುವುದಿಲ್ಲ. ಕಾಫಿ, ಭತ್ತ ತುಂಬಿಟ್ಟ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ.

ಎಲ್ಲಿ ನಿಲ್ಲಿಸಿ ಸಹಾಯ ಪಡೆಯಬೇಕು

ಸುಟ್ಟ ವಾಸನೆ ಬಂದರೆ, ತಂತಿ ಕೈಗೆ ಬಿಸಿ ತಗುಲಿದರೆ, ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಹತ್ತಿಕೊಂಡರೆ, ಓಡುವಾಗ ಎಂಜಿನ್ ಒಮ್ಮೆಯಾದರೂ ತಾನಾಗಿ ನಿಂತರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮಡಿಕೇರಿಯಲ್ಲಾಗಲಿ, ಗೋಣಿಕೊಪ್ಪದಲ್ಲಾಗಲಿ, ಕುಶಾಲನಗರದಲ್ಲಾಗಲಿ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕಾರಿನ ಬಳಿಗೇ ಕರೆಸಿ. ಘಾಟಿಯ ರಸ್ತೆಯಲ್ಲಿ ಅಂತಹ ಕಾರನ್ನು ಓಡಿಸಿಕೊಂಡು ಹೋಗಬೇಡಿ. ಅವರ ಕೈಗೆ ನಿಮ್ಮ ತಂತಿಗಳ ಚೀಟಿ, ಫೋಟೋಗಳು, ಅಳೆದ ಅಂಕಿಗಳು, ದೋಷ ಕಂಡ ದಿನ ಮಳೆಯಿತ್ತೇ ಇಲ್ಲವೇ ಎಂಬ ವಿವರ ಇಷ್ಟನ್ನೂ ಕೊಡಿ, ಮತ್ತು ನೀವು ಈಗಾಗಲೇ ಕತ್ತರಿಸಿದ ತಂತಿ ಯಾವುದಾದರೂ ಇದ್ದರೆ ಸಂಕೋಚಪಡದೆ ಮೊದಲೇ ತೋರಿಸಿಬಿಡಿ.